ದೊಡ್ಡ ಟೀಚರ ಬಲ ಹೆಗಲು

ಸೆಪ್ಟೆಂಬರ್ ೧೮, ಗುರುವಾರ
ಯೋಗದ ಕೋಣೆಯಿಂದ, ಮಕ್ಕಳು ಮನೆಗೆ ಹೋದ ಮೇಲೆ

ಚಿಕ್ಕ ಟೀಚರ್‌ಗೆ,

ದೊಡ್ಡ ಟೀಚರ್ ಮಾಡುವ ನಮಸ್ಕಾರ. ಇಪ್ಪತ್ತೆಂಟು ವರ್ಷ ಚಿಕ್ಕವಳಿಗೆ ಇವಳು ಮೊದಲು ಕೈ ಮುಗಿಯುತ್ತಿದ್ದಾಳಲ್ಲ, ಏನೋ ಮಸಲತ್ತಿದೆ ಎಂದು ನಿನಗೆ ಅನ್ನಿಸಬಹುದು. ಅನ್ನಿಸಲಿ. ಮೂರು ತಿಂಗಳು ನಿನ್ನ ಒಂದೊಂದು ಮಾತನ್ನೂ ನಾನು ಹಾಗೆಯೇ ಅಳೆದಿದ್ದೇನೆ.

ನನ್ನ ಬಲ ಭುಜದ ನೋವು ನಿನಗೆ ಗೊತ್ತಿತ್ತು. ಅದು ಹೇಗಾಯಿತೆಂಬುದು ಮಾತ್ರ ಯಾರಿಗೂ ಗೊತ್ತಿಲ್ಲ. ಕೇಳಿದವರಿಗೆಲ್ಲ "ರಾತ್ರಿ ಮಗ್ಗುಲು ಸರಿಯಾಗಿರಲಿಲ್ಲ" ಎಂದಿದ್ದೆ. ನೀನು ಸೇರಿದ ಎರಡನೇ ವಾರ ಮಕ್ಕಳ ಮುಂದೆ ಮಯೂರಾಸನ ಮಾಡಿದೆಯಲ್ಲ, ಅವತ್ತು ಕೋಣೆ ಒಡೆಯುವ ಹಾಗೆ ಚಪ್ಪಾಳೆ ಬಿತ್ತು. ಹತ್ತೊಂಬತ್ತು ವರ್ಷ ಈ ಶಾಲೆಯಲ್ಲಿ ಯೋಗ ಕಲಿಸಿದವಳಿಗೆ ಅಂಥ ಚಪ್ಪಾಳೆ ಒಂದು ದಿನವೂ ಬಿದ್ದಿರಲಿಲ್ಲ. ಸಂಜೆ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು, ಮೈ ಸಡಿಲ ಮಾಡಿಕೊಳ್ಳದೆ, ಅದೇ ಆಸನವನ್ನು ಮೂರು ಸಲ ಮಾಡಿದೆ. ಮೂರನೇ ಸಲ ಭುಜದೊಳಗೆ ಏನೋ ಚಟ್ಟೆಂದಿತು. ಮಕ್ಕಳಿಗೆ ನಾನು ದಿನಾ ಹೇಳುವ ಪಾಠ ಏನು? "ಪಕ್ಕದವರನ್ನ ನೋಡ್ಕೊಂಡು ಬಗ್ಗಬೇಡಿ, ನಿಮ್ಮ ಮೈ ಹೇಳಿದಷ್ಟೇ ಬಗ್ಗಿ."

ಮೂಳೆ ಡಾಕ್ಟರು ಸ್ನಾಯು ಅರ್ಧ ಹರಿದಿದೆ, ನಾಲ್ಕು ತಿಂಗಳು ಕೈ ಎತ್ತಬೇಡಿ ಎಂದರು. ಆ ಚೀಟಿಯನ್ನು ಮಡಿಸಿ ಬಟ್ಟೆಗಳ ಕೆಳಗೆ ಇಟ್ಟುಬಿಟ್ಟೆ. ಯೋಗದ ಟೀಚರಿಗೇ ಕೈ ಎತ್ತಲಾಗದು ಎಂದು ತಿಳಿದರೆ ಶಾಲೆಯವರು ನನ್ನನ್ನು ಯಾಕಾದರೂ ಇಟ್ಟುಕೊಂಡಾರು? ಅದಕ್ಕೇ "ಇನ್ಮೇಲೆ ಚಿಕ್ಕ ಟೀಚರ್ ಮಾಡಿ ತೋರಿಸ್ತಾರೆ, ನಾನು ತಿದ್ದುತೀನಿ" ಎಂದು ಹೊಸ ಪದ್ಧತಿ ತಂದೆ. ಅದು ನಿನ್ನ ಮೇಲಿನ ವಿಶ್ವಾಸ ಎಂದು ನೀನು ಅಂದುಕೊಂಡಿರಬೇಕು. ಮೊದಲ ದಿನ ನಿನ್ನ ಮುಖ ಅರಳಿದ್ದು ನೋಡಿದ್ದೆ.

ಆಮೇಲೆ ನಿನ್ನ ಕಣ್ಣು ನನ್ನ ಭುಜದ ಮೇಲೇ ಇದೆ ಅನ್ನಿಸತೊಡಗಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಆ ಹೆಗಲನ್ನು ಮುಟ್ಟಿಕೊಳ್ಳುವುದಕ್ಕೂ ಆಗುತ್ತಿರಲಿಲ್ಲ. ಮೇಲಿನ ಕಪಾಟಿನಿಂದ ಚಾಪೆಗಳನ್ನು ನಾನು ಬರುವ ಮೊದಲೇ ನೀನು ಇಳಿಸಿಡುತ್ತಿದ್ದೆ. ನನ್ನ ಕೆಲಸ ಒಂದೊಂದಾಗಿ ಕಿತ್ತುಕೊಳ್ಳುತ್ತಿದ್ದಾಳೆ ಅಂದುಕೊಂಡೆ. ಒಂದು ಸೋಮವಾರ ಬಂದು ನೋಡಿದರೆ ಕೋಣೆ ತುಂಬ ಕುರ್ಚಿಗಳು. "ಇವತ್ತು ಎಲ್ರೂ ಕುರ್ಚಿ ಹಿಡ್ಕೊಂಡೇ ಮಾಡೋಣ" ಎಂದು ನೀನು ಸಾರಿ, ಮಕ್ಕಳ ಸಾಲಿನಲ್ಲಿ ನನಗೂ ಒಂದು ಇಟ್ಟಿದ್ದೆ. ನನ್ನ ಮೈ ಉರಿದುಹೋಯಿತು. ನನ್ನನ್ನೇ ಶಿಷ್ಯಳನ್ನಾಗಿ ಕೂರಿಸಿದಳಲ್ಲ ಎಂದು.

ಆ ವಾರವೇ ನೀನೂ ಹೆಡ್ ಮೇಡಮ್ಮೂ ಮೆಟ್ಟಿಲ ಬುಡದಲ್ಲಿ ನಿಂತು ಮಾತಾಡುತ್ತಿದ್ದಿರಿ. ನಾನು ಇಳಿದು ಬರುತ್ತಲೇ ಇಬ್ಬರ ಬಾಯಿಗೂ ಬೀಗ ಬಿತ್ತು. ಅಲ್ಲಿಗೆ ತೀರ್ಮಾನವಾಯಿತು ನನಗೆ. ಇವಳು ಚಾಡಿ ಹೇಳುತ್ತಿದ್ದಾಳೆ, ನನ್ನ ಜಾಗಕ್ಕೆ ಚಾಪೆ ಹಾಸುತ್ತಿದ್ದಾಳೆ.

ಮುಂದಿನದು ನಿನಗೆ ಗೊತ್ತು. ಆಗಸ್ಟ್ ಕೊನೆಯ ಗುರುವಾರ ನೀನು ಕೈ ಊರಿ ನಿಲ್ಲುವ ಕೊಕ್ಕರೆ ಆಸನ ಮಾಡಿಸುವಾಗ, ನಾವು ಗುಬ್ಬಚ್ಚಿ ಎಂದು ಕರೆಯುವ ಆ ಎಂಟು ವರ್ಷದ ಹುಡುಗಿ ಎಡಗೈ ಮೇಲೆ ಕುಸಿದು ಬಿದ್ದಳು. ಮಣಿಕಟ್ಟು ಊದಿಕೊಂಡಿತು. ಹೆಡ್ ಮೇಡಂ ನನ್ನನ್ನು ಕರೆದು ಕೇಳಿದರು. "ಮಗು ಬೇಡ ಬೇಡ ಅಂದ್ರೂ ಅವಳು ಬಿಡ್ಲಿಲ್ಲ ಮೇಡಂ" ಎಂದೆ. ಮರುದಿನದಿಂದ ನೀನು ಬರಲಿಲ್ಲ. ಬರಬೇಡ ಎಂದಿದ್ದರು.

ಹತ್ತು ದಿನ ಬಿಟ್ಟು ಗುಬ್ಬಚ್ಚಿಯನ್ನು ನೋಡಲು ಅವರ ಮನೆಗೆ ಹೋದೆ. ನಿಜ ಹೇಳಬೇಕೆಂದರೆ, ತಾಯಿಗೆ ನೀನೇನಾದರೂ ಫೋನ್ ಮಾಡಿದ್ದೀಯೋ ಎಂದು ತಿಳಿಯಲು ಹೋದದ್ದು. ಆ ತಾಯಿ ನನ್ನನ್ನು ಕೂರಿಸಿ, "ಡಾಕ್ಟ್ರು ಅಂದ್ರು ಟೀಚರ್, ಇದು ಬಿದ್ದ ದಿನದ್ದಲ್ವಂತೆ, ನಾಲ್ಕೈದು ದಿನದ ಹಳೇ ಬಿರುಕಂತೆ. ಭಾನುವಾರ ಸೈಕಲ್‌ನಿಂದ ಬಿದ್ದಿದ್ಲಂತೆ. ನಮಗೆ ಒಂದು ಮಾತು ಹೇಳಿಲ್ಲ ನೋಡಿ!" ಎಂದರು. ಅವರಿಗೆ ನಿನ್ನ ಮೇಲೆ ಕೋಪವೇ ಇರಲಿಲ್ಲ. ನಿನ್ನನ್ನು ಕಳಿಸಿರುವುದೂ ಗೊತ್ತಿರಲಿಲ್ಲ.

ನಾನು ಗುಬ್ಬಚ್ಚಿಯ ಪಕ್ಕ ಕೂತು, ಅಷ್ಟು ನೋವಿಟ್ಟುಕೊಂಡು ಯಾಕೆ ಸುಮ್ಮನಿದ್ದೆ ಪುಟ್ಟಾ ಎಂದು ಕೇಳಿದೆ. ಅವಳು ಪಟ್ಟಿ ಹಾಕದ ಕೈಯನ್ನು ನನ್ನ ಮುಂದೆ ಹಿಡಿದಳು. ಹೆಬ್ಬೆರಳ ಉಗುರನ್ನು ತೋರುಬೆರಳಿಗೆ ಒತ್ತಿ, ಹಲ್ಲು ಬಿಟ್ಟು ನಕ್ಕಳು.

"ನೀವು ಹೀಗೆ ಮಾಡ್ತೀರಲ್ಲ ಟೀಚರ್, ಭುಜ ನೋಯುವಾಗ. ನಾನೂ ಹಾಗೇ ಮಾಡ್ದೆ. ನಾಲ್ಕು ದಿನ ಯಾರಿಗೂ ಗೊತ್ತಾಗ್ಲಿಲ್ಲ!"

ಹೆಮ್ಮೆಯಿಂದ ಹೇಳಿದಳು ಕಣೇ. ಮೆಚ್ಚುತ್ತೇನೆಂದು ನನ್ನ ಮುಖವನ್ನೇ ನೋಡುತ್ತಿದ್ದಳು. ಹತ್ತೊಂಬತ್ತು ವರ್ಷದಲ್ಲಿ ಯಾವ ಮಗುವೂ ನನ್ನಿಂದ ಇಷ್ಟು ಅಚ್ಚುಕಟ್ಟಾಗಿ ಏನನ್ನೂ ಕಲಿತಿರಲಿಲ್ಲ.

ಮರುದಿನ ಹೆಡ್ ಮೇಡಂಗೆ ಹಳೇ ಬಿರುಕಿನ ವಿಷಯ ತಿಳಿಸಿದೆ. ಬಾಯಿ ತಡೆಯದೆ, ಮೆಟ್ಟಿಲ ಬುಡದಲ್ಲಿ ನೀನು ನನ್ನ ಬಗ್ಗೆ ಏನು ಹೇಳಿದೆ ಎಂದೂ ಕೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಾನೇ ಕೇಳ್ದೆ ಅವಳನ್ನ, ದೊಡ್ಡ ಟೀಚರ್ ಕೈಗೆ ಏನಾಗಿದೆ ಅಂತ. 'ಅವರನ್ನೇ ಕೇಳಿ ಮೇಡಂ' ಅಂದ್ಲು. ಅಷ್ಟೇ. ಎಷ್ಟು ಕೇಳಿದ್ರೂ ಅಷ್ಟೇ."

ಆಮೇಲೇ ಆ ಕುರ್ಚಿಗಳು ನನಗೆ ಅರ್ಥವಾದದ್ದು. ನನಗೊಬ್ಬಳಿಗೇ ಕೊಟ್ಟರೆ ಎದ್ದು ಕಾಣುತ್ತದೆ ಎಂದು ನೀನು ಎಲ್ಲರಿಗೂ ಹಾಕಿದೆ, ಅಲ್ಲವೇ? ಹೌದು ಅನ್ನಿಸುತ್ತದೆ. ಆದರೂ ಒಳಗಿನ ಹುಳ ಪೂರ್ತಿ ಸತ್ತಿಲ್ಲ, ನಿನ್ನಿಂದ ಮುಚ್ಚಿಡುವುದಿಲ್ಲ. ಇಷ್ಟು ಒಳ್ಳೆಯತನಕ್ಕೆ ಹಿಂದೆ ಏನೋ ಇರಬೇಕು ಎಂದು ಅದು ಈಗಲೂ ಕೊರೆಯುತ್ತದೆ. ಕಾಮಾಲೆ ಕಣ್ಣು ಒಂದೇ ದಿನಕ್ಕೆ ತಿಳಿಯಾಗುವುದಿಲ್ಲ.

ಈ ಸೋಮವಾರ ಮಕ್ಕಳನ್ನು ಸುತ್ತ ಕೂರಿಸಿ, ಬಲಗೈಯನ್ನು ಎಷ್ಟು ಎತ್ತಬಲ್ಲೆ ಎಂದು ತೋರಿಸಿದೆ. ಎದೆಯವರೆಗೆ. ಅಲ್ಲಿ ನಿಲ್ಲಿಸಿ, "ಇಲ್ಲಿ ನೋಯುತ್ತೆ, ಇಲ್ಲಿಗೆ ಸಾಕು" ಎಂದು ಗಟ್ಟಿಯಾಗಿ ಹೇಳಿದೆ. ನಿಮ್ಮಲ್ಲಿ ಯಾರಿಗೆ ಏನು ನೋಯುತ್ತದೆ ಹೇಳಿ ಎಂದರೆ ಮೊಣಕಾಲು, ಹಲ್ಲು, ಹೊಟ್ಟೆ ಎಲ್ಲ ಹೊರಬಂದವು. ಹಿಂದಿನ ಸಾಲಿನ ತುಂಟ ಕೂದಲು ನೋಯುತ್ತದೆ ಎಂದ. ಅದಕ್ಕೆಂದು ಅವನಿಗೆ ಶವಾಸನದಿಂದ ರಜೆ ಕೊಡಲಿಲ್ಲ. ಒಬ್ಬಳು ಮಾತ್ರ ಎಲ್ಲರೂ ಹೋದ ಮೇಲೆ ಬಂದು, ಬೆನ್ನು ನೋಯುತ್ತದೆ ಎಂದು ಕಿವಿಯಲ್ಲಿ ಹೇಳಿದಳು. ಎರಡು ತಿಂಗಳಿಂದಂತೆ. ಅವರಪ್ಪನಿಗೆ ಫೋನ್ ಮಾಡಿದ್ದೇನೆ.

ಹೆಡ್ ಮೇಡಂ ನಿನ್ನನ್ನು ವಾಪಸ್ ಕರೆಯುತ್ತೇನೆ ಎಂದಿದ್ದಾರೆ. ಬಾ ಎನ್ನುವ ಬಾಯಿ ನನಗಿಲ್ಲ. ಬರುವುದು ಬಿಡುವುದು ನಿನಗೆ ಬಿಟ್ಟದ್ದು.

ಇಂತು,
ಚಪ್ಪಾಳೆಗೆ ಹೊಟ್ಟೆ ಉರಿಸಿಕೊಂಡ ನಿನ್ನ
ದೊಡ್ಡ ಟೀಚರ್

ವಿ.ಸೂ.: ಈ ಪತ್ರದ ಕರಡು ಸೋಮವಾರವೇ ಮುಗಿದಿತ್ತು, ಇವತ್ತು ನಕಲು ಮಾಡಿದೆ. ಮುಂದಿನ ಸಾಲು ಬರೆಯಲು ಮೂರು ದಿನ ಹಿಡಿಯಿತು. ಗುಬ್ಬಚ್ಚಿ ಬಿದ್ದಾಗ ನಾನು ಕೋಣೆಯಲ್ಲೇ ಇರಲಿಲ್ಲ. ಪಕ್ಕದ ಸಾಮಾನು ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಭುಜಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದೆ. ಮಗು ಬೇಡ ಅಂದದ್ದನ್ನು ನಾನು ಕೇಳಿಲ್ಲ, ನೀನು ಬಲವಂತ ಮಾಡಿದ್ದನ್ನು ನೋಡಿಲ್ಲ. ಹೆಡ್ ಮೇಡಂಗೆ ಇದು ಇನ್ನೂ ಗೊತ್ತಿಲ್ಲ. ಇದೇ ಪತ್ರದ ಇನ್ನೊಂದು ಪ್ರತಿಯನ್ನು, ಈ ಸಾಲುಗಳ ಸಮೇತ, ಈಗ ಅವರ ಮೇಜಿನ ಮೇಲಿಟ್ಟು ಮನೆಗೆ ಹೋಗುತ್ತೇನೆ.