ಮೂವತ್ತೇಳೂವರೆ ಡಿಗ್ರಿಯ ಕಾವು

ಅಮೃತಾ,

ಕ್ಷೇಮ ಎಂದು ಬರೆಯುವ ಹಾಗೂ ಇಲ್ಲ, ಕ್ಷೇಮವೇ ಎಂದು ಕೇಳುವ ಹಾಗೂ ಇಲ್ಲ. ರೇಷ್ಮೆ ಹುಳದ ಮನೆಯ ಬಿಸಿ, ತೇವ ಬರೆದಿಡುತ್ತಿದ್ದ ಪುಸ್ತಕದಲ್ಲಿ ಇನ್ನೂ ಅರ್ಧದಷ್ಟು ಹಾಳೆ ಖಾಲಿ ಇವೆ. ಅದರಲ್ಲೇ ನಿನಗೆ ಬರೆಯುತ್ತಿದ್ದೇನೆ. ನಾನು ಎಸ್ಸೆಸ್ಸೆಲ್ಸಿ ದಾಟದವನು, ತಪ್ಪಿದ್ದಲ್ಲಿ ತಿದ್ದಿಕೊಂಡು ಓದು.

ಮೊದಲು ಕೆಟ್ಟ ಸುದ್ದಿ ಹೇಳಿಬಿಡುತ್ತೇನೆ. ನೀನು ಬೆಸಗರಹಳ್ಳಿಯಿಂದ ತಂದು ಸಾಕಿದ್ದ ಗೌಜಲಕ್ಕಿಗಳು ಒಂದೂ ಉಳಿಯಲಿಲ್ಲ. ನಿನ್ನ ಹನ್ನೊಂದನೇ ದಿನದ ಕಾರ್ಯಕ್ಕೆ ಮನೆ ತುಂಬ ನೆಂಟರು. ಯಾರೋ ನೋಡಲು ಹೋದವರು ಗೂಡಿನ ಬಾಗಿಲಿನ ಕೊಂಡಿ ಹಾಕಿರಲಿಲ್ಲ. ಎಲ್ಲರೂ ಪಂಕ್ತಿಯಲ್ಲಿ ಕುಳಿತಿದ್ದಾಗ ಮುಂಗುಸಿ ಬಂದು ಎಂಟನ್ನೂ ಮುಗಿಸಿತ್ತು. ತಿಂದದ್ದು ಒಂದೋ ಎರಡೋ, ಕೊಂದದ್ದು ಅಷ್ಟನ್ನೂ. ಸುಸ್ತು ಸುಸ್ತು ಎನ್ನುತ್ತಿದ್ದ ನಿನಗೆ ಯಾರೋ ಗೌಜಲ ಮೊಟ್ಟೆ ಶಕ್ತಿಗೆ ಒಳ್ಳೆಯದು ಎಂದಿದ್ದರು. ನೀನು ಹಕ್ಕಿ ತಂದೆ, ಮೊಟ್ಟೆ ಮಾತ್ರ ತಿನ್ನಲಿಲ್ಲ. ಪ್ರತಿಯೊಂದನ್ನೂ ಬೆಳಕಿಗೆ ಹಿಡಿದು, ಇದರ ಚುಕ್ಕೆ ನೋಡಿ, ಅದರ ಚುಕ್ಕೆ ನೋಡಿ, ಒಂದರ ಹಾಗೆ ಒಂದಿಲ್ಲ ಎನ್ನುತ್ತಿದ್ದೆ.

ಗೂಡು ತೊಳೆದು ಒಳಗೆ ಬಂದಾಗ ಅಡುಗೆಮನೆಯ ಮೊರದಲ್ಲಿ ಹದಿನಾಲ್ಕು ಮೊಟ್ಟೆ ಕಂಡವು. ಆ ವಾರ ಹಕ್ಕಿಗಳು ಇಟ್ಟದ್ದು. ನಿನ್ನ ಅವ್ವ ದಿನವೂ ಹೆಕ್ಕಿ ತಂದು ಬಟ್ಟೆಯ ಮೇಲೆ ಇಟ್ಟಿದ್ದರು. ನೀನು ಮುಟ್ಟಿ ಸಾಕಿದ ಜೀವಗಳಲ್ಲಿ ಉಳಿದದ್ದು ಇಷ್ಟೇ. ಇವು ಮರಿಯಾಗದಿದ್ದರೆ ನಿನ್ನ ಕಡೆಯದು ಎನ್ನುವುದು ಈ ಹಿತ್ತಲಲ್ಲಿ ಏನೂ ಇರುವುದಿಲ್ಲ ಎಂದು ಅನ್ನಿಸಿತು.

ನಿನ್ನ ಅವ್ವನ ವಿಷಯ ಹೇಳಬೇಕು. ನಿನ್ನನ್ನು ನೋಡಿಕೊಳ್ಳಲು ಮಳವಳ್ಳಿಯಿಂದ ಬಂದವರು ವಾಪಸು ಹೋಗಲಿಲ್ಲ. ಮಗಳು ಚಂದನ ಮಂಡ್ಯದ ಹಾಸ್ಟೆಲಿಗೆ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ. ಅತ್ತೆ ನನಗೆ ಅನ್ನ ಬಡಿಸುತ್ತಿದ್ದರು, ಬಟ್ಟೆ ಒಗೆದು ಮಡಿಸಿಡುತ್ತಿದ್ದರು, ಆದರೆ ಒಂದು ಮಾತೂ ಆಡುತ್ತಿರಲಿಲ್ಲ. ಹೇಳುವುದಿದ್ದರೆ ಕೊಟ್ಟಿಗೆಯ ಹಸುವಿಗೆ ಹೇಳುತ್ತಿದ್ದರು. "ಅನ್ನ ಆರೋಯ್ತದೆ, ಬಂದು ಉಣ್ಣಕ್ಕೆ ಯೋಳವ್ವ" ಎಂದು ಹಸುವಿನ ಬೆನ್ನು ತಟ್ಟುತ್ತಿದ್ದರು. ನಾನು ಹೋಗಿ ಉಣ್ಣುತ್ತಿದ್ದೆ. ಅವರು ಮಾತು ಬಿಟ್ಟದ್ದು ಯಾಕೆಂದು ನನಗೆ ಗೊತ್ತಿದೆ ಎಂದುಕೊಂಡಿದ್ದೆ. ರೇಷ್ಮೆಯ ಎರಡು ಬೆಳೆ ಮುಗಿಯುವಷ್ಟು ಕಾಲ ಸಂಜೆಯಾದರೆ ನಿನ್ನ ಮೈ ಬೆಚ್ಚಗಾಗುತ್ತಿತ್ತು. ಥರ್ಮಾಮೀಟರು ಇಟ್ಟು ನೋಡಿದವನು ನಾನೇ. ತೊಂಬತ್ತೊಂಬತ್ತೂವರೆ. ಇದು ಜ್ವರವೇ ಅಲ್ಲ ಬುಡು ಎಂದವನೂ ನಾನೇ. ಹುಳ ಹಣ್ಣಾಗಿ ಗೂಡು ಕಟ್ಟುವ ಹೊತ್ತು, ಅವನ್ನು ಆರಿಸಿ ಬಿದಿರ ಚಂದ್ರಿಕೆ ತಟ್ಟೆಗೆ ಬಿಡಲು ಕೈ ಸಾಲದು, ಮುಗಿಯಲಿ ಮಂಡ್ಯಕ್ಕೆ ಹೋಗೋಣ ಎಂದೆ. ಹೋಗುವ ಹೊತ್ತಿಗೆ ಕಾಯಿಲೆ ರಕ್ತದಲ್ಲೆಲ್ಲ ಹರಡಿತ್ತು.

ಇರಲಿ. ಗೌಜಲಕ್ಕಿ ತಾನಿಟ್ಟ ಮೊಟ್ಟೆಗೆ ತಾನು ಕೂರುವುದಿಲ್ಲ, ಸಾಕಿದ ಹಕ್ಕಿಗೆ ಅದು ಮರೆತೇಹೋಗಿದೆ ಎಂದು ನೀನೇ ಹೇಳಿದ್ದೆ. ಕಾವಿಗೆ ಕೂತ ಕೋಳಿ ನಮ್ಮ ಬೀದಿಯಲ್ಲಿ ಸಿಗಲಿಲ್ಲ. ಸಿಕ್ಕಿದ್ದರೂ ಅದರ ಭಾರಕ್ಕೆ ಈ ತೆಳು ಚಿಪ್ಪು ತಡೆಯುತ್ತಿತ್ತೋ ಇಲ್ಲವೋ. ಮೊಟ್ಟೆಯನ್ನು ಪಂಚೆಯಲ್ಲಿ ಸುತ್ತಿ ಮದ್ದೂರಿಗೆ ಹೋದೆ. ನಮ್ಮ ಫ್ರಿಜ್ಜು ರಿಪೇರಿ ಮಾಡುವ ಮಜೀದ್ ಕೋಳಿ ಮೊಟ್ಟೆಗೆ ಪೆಟ್ಟಿಗೆ ಮಾಡಿಕೊಡುತ್ತಾನೆಂದು ಕೇಳಿದ್ದೆ. ಅವನು ಒಂದು ಥರ್ಮೋಕೋಲು ಡಬ್ಬ ತೆಗೆದುಕೊಂಡು, ಮುಚ್ಚಳಕ್ಕೆ ಗಾಜಿನ ತುಂಡು ಕೂರಿಸಿ, ಒಳಗೆ ಸಣ್ಣ ಬಲ್ಬು, ಹಳೇ ಕಂಪ್ಯೂಟರಿನ ಫ್ಯಾನು, ಮೂಲೆಗೆ ನೀರಿನ ಬಟ್ಟಲು ಇಟ್ಟ. ಬಿಸಿ ಮುಟ್ಟಬೇಕಾದಷ್ಟು ಮುಟ್ಟಿದರೆ ಬಲ್ಬು ತಾನೇ ಆರಿ, ಇಳಿದರೆ ತಾನೇ ಹತ್ತುವ ಹಾಗೆ ಒಂದು ಪುಟ್ಟ ಯಂತ್ರ ಕೂರಿಸಿದ. ಕೆಲಸ ಮಾಡುತ್ತಲೇ ನಗುತ್ತಿದ್ದ. "ಎಂಗಸ್ರಿಗೆ ದೇವ್ರು ಕರೆಂಟಿಲ್ದಂಗೆ ಒಟ್ಟೇಲೇ ಕಾವು ಮಡಗಿ ಕಳಿಸವ್ನೆ ಕಣಣ್ಣ. ನಾವು ಗಂಡಸ್ರು ಇಷ್ಟುದ್ದ ಮೊಟ್ಟೆಗೆ ಕಾವು ಕೊಡಕ್ಕೂ ಬಲ್ಬು ಆಕ್ಬೇಕು" ಎಂದ. ಆಮೇಲೆ ನಗು ನಿಲ್ಲಿಸಿ, ಮೂವತ್ತೇಳೂವರೆ ಡಿಗ್ರಿ, ಹದಿನೇಳು ಹದಿನೆಂಟು ದಿನ ಎಂದು ಬೆರಳೆತ್ತಿ ಹೇಳಿದ. "ತಣ್ಣಗಾದ್ರೆ ಮರಿ ತಡವಾಗಿ ಬತ್ತದೆ. ಬಿಸಿ ಎಚ್ಚಾದ್ರೆ ಬರಾದೇ ಇಲ್ಲ."

ಮೊಟ್ಟೆ ಇಡದೆ ಒಂದು ದಿನ ಪೆಟ್ಟಿಗೆಯನ್ನು ಖಾಲಿ ಓಡಿಸಿ ನೋಡು ಎಂದೂ ಹೇಳಿದ್ದ. ಹುಳದ ಮನೆಯ ಮೂಲೆಯಲ್ಲಿ ಇಟ್ಟು ನೋಡಿದೆ. ಯಂತ್ರ ಮೂವತ್ತೇಳೂವರೆ ತೋರಿಸುತ್ತಿತ್ತು, ಆದರೆ ಬಿಸಿ ಅಳೆಯುವ ಅದರ ತಂತಿಯ ತುದಿ ನೇತಾಡುತ್ತಿದ್ದದ್ದು ಬಲ್ಬಿನ ಹತ್ತಿರ. ಮೊಟ್ಟೆ ಮಲಗುವ ಎತ್ತರದಲ್ಲಿ ಎಷ್ಟಿದೆಯೋ ಎಂದು ಅನುಮಾನ ಬಂತು. ಅಳೆಯಲು ಮನೆಯಲ್ಲಿದ್ದದ್ದು ನಿನ್ನ ಜ್ವರದ ಥರ್ಮಾಮೀಟರು ಒಂದೇ. ಅಲ್ಲಿಟ್ಟು ನೋಡಿದರೆ ಪಾದರಸ ಮೇಲೇರಲೇ ಇಲ್ಲ. ತಂತಿಯನ್ನು ಕೆಳಗಿಳಿಸಿ ಮೊಟ್ಟೆಯ ಮಟ್ಟಕ್ಕೆ ಕಟ್ಟಿ, ಸಂಜೆ ಮತ್ತೆ ನೋಡಿದೆ. ತೊಂಬತ್ತೊಂಬತ್ತೂವರೆ. ಮಜೀದನ ಮೂವತ್ತೇಳೂವರೆಯೂ ಇದೂ ಒಂದೇ ಕಾವು, ಅಳತೆಯ ಪಟ್ಟಿ ಬೇರೆ ಅಷ್ಟೆ. ಜ್ವರವೇ ಅಲ್ಲ ಎಂದು ನಾನು ತಳ್ಳಿಹಾಕಿದ್ದ ಬಿಸಿಗೆ ಒಂದು ಜೀವ ಕಟ್ಟುವಷ್ಟು ಬಲ ಇದೆ ಎಂದು ನನಗೆ ಗೊತ್ತಿರಲಿಲ್ಲ ಅಮೃತಾ.

ಒಂದೊಂದು ಮೊಟ್ಟೆಗೂ ಪೆನ್ಸಿಲಿನಲ್ಲಿ ಗೀಟು ಹಾಕಿ, ದಿನಕ್ಕೆ ಮೂರು ಸಲ ಮಗ್ಗುಲು ಬದಲಿಸುತ್ತಿದ್ದೆ. ಮಧ್ಯಾಹ್ನದ ಹೊತ್ತು ಶೀಟಿನ ಮನೆ ಕಾದರೆ ಬಿಸಿ ತಾನೇ ಮೇಲೇರುತ್ತಿತ್ತು, ಆಗ ಗೋಣಿಚೀಲ ನೆನೆಸಿ ಮಾಡಿನ ಮೇಲೆ ಹಾಸುತ್ತಿದ್ದೆ. ಒಂದು ದಿನ ಟ್ರಾನ್ಸ್‌ಫಾರ್ಮರ್ ಸುಟ್ಟು ಎರಡು ತಾಸು ಕರೆಂಟು ಇರಲಿಲ್ಲ. ಕಂಬಳಿ ಹೊದಿಸಿ, ಬಿಸಿನೀರಿನ ಬಾಟಲಿ ಒಳಗಿಡಲೇ ಬೇಡವೇ ಎಂದು ಒದ್ದಾಡಿ, ಕೊನೆಗೆ ಉಗುರುಬೆಚ್ಚಗಿನದು ಒಂದನ್ನೇ ಇಟ್ಟೆ. ಹೆಚ್ಚಾದರೆ ಬರುವುದೇ ಇಲ್ಲ ಎಂದಿದ್ದನಲ್ಲ. ಮೂವತ್ತೈದಕ್ಕೆ ಇಳಿಯಿತು, ಮೂವತ್ನಾಲ್ಕಕ್ಕೆ ಇಳಿಯಿತು. ಕರೆಂಟು ಬಂದು ಬಲ್ಬು ಹತ್ತಿದಾಗ ನನ್ನ ಬನಿಯನ್ ಬೆವರಿಗೆ ಪೂರ್ತಿ ನೆನೆದಿತ್ತು.

ಏಳನೇ ದಿನ ಹುಳದ ಮನೆಯ ಪರದೆಗಳನ್ನೆಲ್ಲ ಇಳಿಸಿ ಕತ್ತಲು ಮಾಡಿಕೊಂಡು, ಮೊಬೈಲಿನ ಟಾರ್ಚಿಗೆ ಮೊಟ್ಟೆ ಹಿಡಿದು ನೋಡಿದೆ. ಚುಕ್ಕೆಗಳ ನಡುವೆ ಸಣ್ಣ ಕಿಟಕಿಯಷ್ಟು ಬೆಳಕು. ಅದರೊಳಗೆ ಕೆಂಪು ದಾರಗಳು, ಕೂದಲಿಗಿಂತ ಸಣ್ಣವು, ಒಂದು ಕಪ್ಪು ಚುಕ್ಕೆಯಿಂದ ಹೊರಟು ಸುತ್ತಲೂ ಹರಡಿದ್ದವು. ಆ ಚುಕ್ಕೆ ಅಲುಗಿತು. ಟಾರ್ಚನ್ನು ಇನ್ನಷ್ಟು ಹತ್ತಿರ ತಂದೆ. ಮತ್ತೆ ಅಲುಗಿತು. ಮೊಟ್ಟೆಯೊಳಗೆ ಇದ್ದದ್ದು ನೀರಿನಂಥ ಬಿಳಿ, ಒಂದು ತೊಟ್ಟು ಹಳದಿ. ಅದಕ್ಕೆ ನಾನು ಏನನ್ನೂ ಸೇರಿಸಿರಲಿಲ್ಲ. ಬೆಚ್ಚಗೆ ಇಟ್ಟಿದ್ದೆ, ಅಷ್ಟೆ. ಕಣ್ಣು ಎಲ್ಲಿಂದ ಬಂತು? ರಕ್ತ ಎಲ್ಲಿಂದ ಬಂತು? ಎರಡರಲ್ಲಿ ಏನೂ ಇರಲಿಲ್ಲ, ತೆಗೆದಿಟ್ಟೆ. ಹನ್ನೆರಡು ಉಳಿದವು. ಚಂದನಳಿಗೆ ಫೋನು ಮಾಡಿ ಹೇಳಿದೆ. ಅತ್ತೆ ಬಾಗಿಲ ಆಚೆ ನಿಂತಿದ್ದರು, ಕೇಳಿಸಿಕೊಂಡು ಹಾಗೇ ಹೋದರು.

ಹದಿನೈದನೇ ದಿನದಿಂದ ಮೊಟ್ಟೆ ತಿರುಗಿಸಬೇಡ, ಮುಟ್ಟಬೇಡ, ನೀರು ಹೆಚ್ಚಿಗೆ ಇಡು ಎಂದು ಮಜೀದ್ ಹೇಳಿದ್ದ. ನಾನು ನೀರು ಹೆಚ್ಚಿಸಿದೆ, ಮುಟ್ಟಲಿಲ್ಲ. ಹದಿನಾರನೇ ದಿನ ಸಂಜೆ ಪೆಟ್ಟಿಗೆಗೆ ಕಿವಿ ಕೊಟ್ಟರೆ ಒಳಗಿನಿಂದ ಟಿಕ್ ಟಿಕ್ ಎಂಬ ಸದ್ದು. ಒಂದು ಮೊಟ್ಟೆ ಸದ್ದು ಮಾಡಿದರೆ ಇನ್ನೊಂದು ಅದಕ್ಕೆ ಉತ್ತರ ಕೊಡುತ್ತಿತ್ತು. ಇನ್ನೂ ಲೋಕವನ್ನೇ ಕಾಣದವು, ಚಿಪ್ಪಿನೊಳಗೆ ಮಡಚಿಕೊಂಡೇ ಒಂದನ್ನೊಂದು ಕರೆಯುತ್ತಿದ್ದವು, ಹೊರಡೋಣವೇ ಎಂದು ಕೇಳುವ ಹಾಗೆ. ಹೀಗೂ ಉಂಟೇ ಎಂದು ಕೈ ಮುಗಿಯಬೇಕೆನ್ನಿಸಿತು.

ಆಮೇಲೆ ನಾನು ಮಾಡಿದ ತಪ್ಪನ್ನು ಮುಚ್ಚಿಡುವುದಿಲ್ಲ. ಇಪ್ಪತ್ತೆರಡು ವರ್ಷ ನಾವು ಮಾಡಿಕೊಂಡು ಬಂದದ್ದೇ ನನ್ನ ಕೈಗೆ ಬಂತು. ರೇಷ್ಮೆ ಮೊಟ್ಟೆಯ ಹಾಳೆ ತಂದಾಗ ಹುಳ ಒಡೆಯುವ ಮುಂಚೆ ಕಪ್ಪು ಬಟ್ಟೆ ಸುತ್ತಿ, ಮುಟ್ಟದೆ ಕತ್ತಲಲ್ಲಿ ಇಡುತ್ತಿದ್ದೆವಲ್ಲ. ಒಡೆಯುವ ದಿನ ಬೆಳಿಗ್ಗೆ ನೀನು ಬಟ್ಟೆ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದರೆ, ನೋಡನೋಡುತ್ತಿದ್ದಂತೆ ಅಷ್ಟೂ ಹುಳ ಇರುವೆಯ ಹಾಗೆ ಒಟ್ಟಿಗೆ ಎದ್ದು ಬರುತ್ತಿದ್ದವು. ಮಜೀದ್ ಮುಟ್ಟಬೇಡ ಎಂದದ್ದು ನನಗೆ ಅದೇ ಮಾತಿನ ಹಾಗೆ ಕೇಳಿಸಿತ್ತು. ಪೆಟ್ಟಿಗೆಗೆ ನಿನ್ನ ಅದೇ ಕಪ್ಪು ಬಟ್ಟೆ ಹೊದಿಸಿದೆ. ಹದಿನೇಳನೇ ದಿನ ಬೆಳಿಗ್ಗೆ ತೆಗೆದು ನೋಡಿದರೆ ನಾಲ್ಕು ಮೊಟ್ಟೆ ಬಿರಿದಿದ್ದವು, ತೂತಿನಿಂದ ಕೊಕ್ಕಿನ ತುದಿ ಕಾಣುತ್ತಿತ್ತು. ಮುಚ್ಚಳ ತೆಗೆದೆ. ಹನ್ನೆರಡನ್ನೂ ತಟ್ಟೆಯ ಸಮೇತ ಬಾಗಿಲಿಗೆ ತಂದು ಬೆಳಕಿಗಿಟ್ಟು, ಈಗ ಎಲ್ಲ ಒಟ್ಟಿಗೆ ಬರುತ್ತವೆಂದು ಕಾಯುತ್ತಾ ಕುಳಿತೆ.

ಬರಲಿಲ್ಲ. ಹೊರಗೆ ಒಣ ಗಾಳಿ. ತೂತಿನ ಅಂಚಿನ ತೆಳು ಪೊರೆ ಬೆಳ್ಳಗಾಗಿ ಕಾಗದದಂತೆ ಬಿಗಿಯಿತು. ಕೊಕ್ಕುಗಳು ಅಲುಗುವುದು ನಿಧಾನವಾಯಿತು. ನನಗೆ ಏನಾಗುತ್ತಿದೆ ಎಂದೇ ತಿಳಿಯಲಿಲ್ಲ. ಕೊಟ್ಟಿಗೆಯಿಂದ ಬಂದ ಅತ್ತೆ ಸೆಗಣಿ ಕೈಯಲ್ಲೇ ನಿಂತುಬಿಟ್ಟರು. ಒಂದು ತಿಂಗಳ ಮೇಲೆ ನನ್ನ ಮುಖ ನೋಡಿ ಆಡಿದ ಮೊದಲ ಮಾತು ಇದು:

"ಇದೇನ್ ರೇಸ್ಮೆ ಉಳವೇನಪ್ಪಾ? ಬಾಣ್ತಿ ಕ್ವಾಣೆ ಬಾಗ್ಲ ತಗ್ದು ಗಾಳಿಗೆ ಕೂರ್ಸಿದ್ದೀಯಲ್ಲ. ಒಳಕ್ಕೆ ಮಡಗು."

ಕೈ ತೊಳೆದು ಓಡಿಬಂದರು. ಮೊಟ್ಟೆಗಳನ್ನು ಪೆಟ್ಟಿಗೆಗೆ ಸೇರಿಸಿ, ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಒಳಗೆ ಹರವಿದೆವು. ಮುಚ್ಚಳದ ಗಾಜಿನ ಮೇಲೆ ಹಬೆ ಕೂತಿತು. ಅಂಕಿ ಮೂವತ್ತೊಂದರಿಂದ ಒಂದೊಂದೇ ಮೇಲೇರುವುದನ್ನು ಇಬ್ಬರೂ ನೆಲದ ಮೇಲೆ ಕುಳಿತು ನೋಡಿದೆವು. ಬಿರಿದಿದ್ದ ನಾಲ್ಕರಲ್ಲಿ ಮೂರು ಆಮೇಲೆ ಅಲುಗಲಿಲ್ಲ. ಆ ಮೂರು ನನ್ನ ಕೈಯಿಂದ ಹೋದವು. ನಾಲ್ಕನೆಯದರ ಪೊರೆಗೆ ಅತ್ತೆ ಹತ್ತಿ ಎಳೆಯಿಂದ ಬೆಚ್ಚನೆ ನೀರನ್ನು ಹನಿ ಹನಿ ಮುಟ್ಟಿಸಿದರು. ಮಧ್ಯಾಹ್ನದ ಹೊತ್ತಿಗೆ ಉಳಿದ ಮೊಟ್ಟೆಗಳಲ್ಲಿ ಒಂದು ಸುತ್ತಲೂ ಬಿರಿಯುತ್ತಾ ಬಂತು, ಯಾರೋ ಒಳಗಿನಿಂದ ಚೂರಿಯಲ್ಲಿ ಕೊಯ್ದ ಹಾಗೆ. ಟೋಪಿ ಎತ್ತಿದಂತೆ ಚಿಪ್ಪು ಎದ್ದಿತು. ಒದ್ದೆ ಮುದ್ದೆ ಹೊರಗೆ ಬಿದ್ದು, ಎರಡು ಗಳಿಗೆ ಸತ್ತಂತೆ ಮಲಗಿ, ಎದ್ದು ನಿಂತಿತು. ನನ್ನ ಹೆಬ್ಬೆರಳ ತುದಿಯಷ್ಟು. ಬೆನ್ನ ಮೇಲೆ ಹಳದಿ ಗೆರೆ, ಉಗುರು ಸಹಿತ ಬೆರಳುಗಳು, ರೆಪ್ಪೆ ಸಹಿತ ಕಣ್ಣು. ಯಾವುದೂ ಮರೆತುಹೋಗಿರಲಿಲ್ಲ. ಸಂಜೆಯೊಳಗೆ ಆರು ಬಂದವು. ಎರಡು ಮೊಟ್ಟೆ ಬಿರಿಯಲೇ ಇಲ್ಲ.

ಕಡೆಗೆ ಅತ್ತೆ ನೀರು ಮುಟ್ಟಿಸಿದ ಆ ನಾಲ್ಕನೆಯದು ಬಂತು. ಕಾಲು ಸೆಟೆದಿತ್ತು, ನಿಲ್ಲಲಾಗುತ್ತಿರಲಿಲ್ಲ. ಅತ್ತೆ ಅದನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು ಇನ್ನೊಂದು ಅಂಗೈ ಮುಚ್ಚಿದರು. ಆಗ ನಾನು ಹೇಳಿಬಿಟ್ಟೆ. ತೊಂಬತ್ತೊಂಬತ್ತೂವರೆ ಇತ್ತು, ಜ್ವರವೇ ಅಲ್ಲ ಎಂದವನು ನಾನು, ನೀವು ನನ್ನ ಜೊತೆ ಮಾತು ಬಿಟ್ಟದ್ದು ಸರಿ ಎಂದೆ. ಅವರು ಕೈ ಬಿಚ್ಚಲಿಲ್ಲ. ಮುಚ್ಚಿದ ಅಂಗೈಯನ್ನೇ ನೋಡುತ್ತಾ ಅಂದರು:

"ನಂಗೂ ಯೋಳಿದ್ಲು ಕಣಪ್ಪ. ಅವ್ವ, ಸಂಜಿಕೆ ಮೈ ಬೆಚ್ಚಗಾಯ್ತದೆ ಅಂತ ಪೋನ್ ಮಾಡಿದ್ಲು. ಕಸಾಯ ಕುಡ್ದು ಮನಿಕೊ ಅಂದೆ. ಎತ್ತವಳು ನಾನು. ನಿನ್ನ ಮೊಕ ನೋಡುದ್ರೆ ಇದ ಯೋಳ್ಬೇಕಾಯ್ತದಲ್ಲ ಅಂತ ಬಾಯಿ ಮುಚ್ಕಂಡಿದ್ದೆ."

ನೀನು ನಮ್ಮಿಬ್ಬರಿಗೂ ಹೇಳಿದ್ದೆ ಅಮೃತಾ. ಇಬ್ಬರೂ ಕೇಳಿಸಿಕೊಳ್ಳಲಿಲ್ಲ. ಮನ್ನಿಸು ಎಂದು ಬರೆದರೆ ಅದು ನಿನಗೆ ಮುಟ್ಟುತ್ತದೋ ಇಲ್ಲವೋ ತಿಳಿಯದು, ಆದರೂ ಇಬ್ಬರ ಪರವಾಗಿ ಬರೆಯುತ್ತಿದ್ದೇನೆ. ಆವತ್ತು ಅತ್ತೆ ಕೊನೆಗೆ ಕೈ ಬಿಚ್ಚಿ ನನ್ನ ಅಂಗೈಗೆ ಆ ಮರಿಯನ್ನು ದಾಟಿಸಿದರು. ತೂಕವೇ ಇಲ್ಲ, ಬರೀ ಬಿಸಿ. ಅದರ ಎದೆ ನನ್ನ ಬೆರಳಿಗೆ ಬಡಿಯುತ್ತಿತ್ತು, ಎಣಿಸಲಾಗದಷ್ಟು ಬೇಗ. ಅದು ನನಗಿಂತ ಬೆಚ್ಚಗಿತ್ತು.

ಏಳೂ ಚೆನ್ನಾಗಿವೆ. ಸೆಟೆದ ಕಾಲಿನದು ಸ್ವಲ್ಪ ಕುಂಟುತ್ತದೆ, ಆದರೆ ರಾಗಿ ನುಚ್ಚಿಗೆ ಅದೇ ಎಲ್ಲರಿಗಿಂತ ಮುಂದೆ. ಭಾನುವಾರ ಚಂದನ ಬರುತ್ತಾಳೆ. ಅತ್ತೆ ಈಗ ಅಡುಗೆಮನೆಯಿಂದಲೇ ನನ್ನನ್ನು ಊಟಕ್ಕೆ ಕರೆಯುತ್ತಿದ್ದಾರೆ, ಹೋಗಬೇಕು. ನೀನು ಎಲ್ಲಿದ್ದರೂ ಅಲ್ಲಿ ನಿನ್ನ ಮೈ ಹೇಗಿದೆ ಎಂದು ಕೇಳುವವರು ಇರಲಿ, ನೀನು ಹೇಳಿದ್ದನ್ನು ಕೇಳಿಸಿಕೊಳ್ಳುವವರು ಇರಲಿ. ತಣ್ಣಗಿರು ತಾಯಿ.

ಚಂದನಳ ಅಪ್ಪ,
ಪುಟ್ಟರಾಜು
ಕೊಪ್ಪ, ಮದ್ದೂರು ತಾಲ್ಲೂಕು