ಗುಳ್ಳ ಕಾಯಿ ಬಿಡುವವರೆಗೆ

ಇನ್ನಂಜೆ
ಅಕ್ಟೋಬರ್ ೧೯೮೨

ಪ್ರೀತಿಯ ಚೆನ್ನಪ್ಪ ಮಾವನಿಗೆ ವಾರಿಜಾಳ ನಮಸ್ಕಾರಗಳು.

ದೀಪಾವಳಿಗೆ ಊರಿಗೆ ಬಂದು ಹಿಂತಿರುಗುವಾಗ, ನಿಮ್ಮ ಮಕ್ಕಳನ್ನು ನೋಡಿಕೊಳ್ಳಲು ನನ್ನನ್ನು ಬೊಂಬಾಯಿಗೆ ಕರೆದೊಯ್ಯುವುದಾಗಿ ಬರೆದಿದ್ದೀರಿ. ಶಾಲೆ ಬಿಟ್ಟೆ, ಹೊಲಿಗೆ ಬಿಟ್ಟೆ, ಬೀಡಿ ಕಟ್ಟುವುದನ್ನೂ ಬಿಟ್ಟೆ ಎಂದು ಅಮ್ಮ ನಿಮಗೆ ತಿಳಿಸಿದ್ದು ನಿಜ.

ಈಗ ಮಳೆ ನಿಂತಿದೆ. ಚಳಿಗಾಲದ ತರಕಾರಿಗೆಂದು ಬಾವಿಯ ಹತ್ತಿರದ ಜಾಗವನ್ನು ನಾನೇ ಅಗೆದಿದ್ದೇನೆ. ಗೊಬ್ಬರಕ್ಕೆ ತರಗೆಲೆ, ಮಣ್ಣು ರಾಶಿ ಹಾಕಿ ಸುಡುಮಣ್ಣು ಮಾಡಲು ಹೊರಟೆ. ಅದು ಒಳಗೊಳಗೇ ಹೊಗೆಯಾಡಬೇಕು. ನನಗೆ ಅಷ್ಟು ತಾಳ್ಮೆ ಎಲ್ಲಿ? ಒಣ ಸೌದೆ ತುರುಕಿ ಉರಿ ಎಬ್ಬಿಸಿದೆ. ಮಣ್ಣೆಲ್ಲ ಬೆಂದು ಕೆಂಪು ಹೆಂಟೆಯಾಯಿತು.

"ಎಂತ ಮಾರಾಯ್ತಿ, ಹಂಚಿನ ಕಾರ್ಖಾನೆ ಇಟ್ಟಿದ್ದೀಯಾ?" ಎಂದು ಅಜ್ಜಿ ನಕ್ಕರು.

ಎರಡನೆಯ ರಾಶಿಯನ್ನು ಸರಿಯಾಗಿ ಮುಚ್ಚಿ, ಅದು ಆರುವವರೆಗೂ ಕಾದೆ. ಅಜ್ಜಿ ಆ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡಿದರು. ಮರುದಿನ ಹತ್ತಿರದ ಮಟ್ಟು ಊರಿನಿಂದ ಗುಳ್ಳ ಬದನೆಯ ಸಸಿ ತರಿಸಿಕೊಟ್ಟರು.

ಸಸಿಗಳು ಬೇರು ಹಿಡಿದಿವೆ. ಕೊಡದಿಂದ ಸುರಿದರೆ ಬುಡದ ಮಣ್ಣು ಕೊಚ್ಚಿಹೋಗುತ್ತದೆ. ಬರುವಾಗ ತೂತಿನ ಬಾಯಿಯ ನೀರಿನ ಡಬ್ಬಿ ಒಂದು ತನ್ನಿ. ನನಗೆ ಬಸ್ಸಿನ ಟಿಕೇಟು ತೆಗೆಯಬೇಡಿ. ಇನ್ನು ಯಾವುದನ್ನೂ ಬಿಡುವುದಿಲ್ಲ ಎಂದು ಆಣೆ ಹಾಕಲಾರೆ, ಸುಳ್ಳಾದೀತು. ಆದರೆ ಹಿಡಿದ ಕೆಲಸದ ಕೊನೆ ಹೇಗಿರುತ್ತದೆಂದು ನಾನು ಇದುವರೆಗೆ ನೋಡಿಲ್ಲ. ಗುಳ್ಳ ಕಾಯಿ ಬಿಡುವಾಗ ನಾನು ಇಲ್ಲಿರಬೇಕು.

ಮೊದಲ ಕಾಯಿಗಳನ್ನು ಬೊಂಬಾಯಿ ಬಸ್ಸಿನಲ್ಲಿ ನಿಮಗೆ ಕಳಿಸಲಿರುವ,
ನಿಮ್ಮ ಸೊಸೆ
ವಾರಿಜಾ