ಕರ್ಲರ್ ನಾನೇ ತಗೊಂಡಿದೀನಿ

ಬ್ರಾನಿ,

ಟ್ಯಾಕ್ಸಿ ಬಂದುಬಿಡ್ತು ಕಣೇ, ನಿನ್ನ ಎಬ್ಬಿಸಲಿಲ್ಲ. ಕೂದಲು ಸುರುಳಿ ಮಾಡೋ ನಿನ್ನ ಕರ್ಲರ್ ಹುಡುಕಬೇಡ, ನನ್ನ ಪೆಟ್ಟಿಗೆಯಲ್ಲಿದೆ. ಹಡಗಿನಲ್ಲಿ ಅದಕ್ಕೆ ಅಡ್ಡಿಯಿಲ್ವಂತೆ. ಬಟ್ಟೆಯ ಸುಕ್ಕು ತೆಗೆಯೋ ಸ್ಟೀಮರ್ ಮಾತ್ರ ಬೆಂಕಿ ಭಯಕ್ಕೆ ಹತ್ತೋವಾಗಲೇ ಕಿತ್ತಿಟ್ಕೋತಾರಂತೆ, ಅದನ್ನ ಸೋಫಾ ಮೇಲೆ ಬಿಟ್ಟಿದೀನಿ.

ನಾಯಿಗೆ ಫ್ರಿಜ್ಜಿನಲ್ಲಿರೋ ಕೋಳಿ ಹಾಕು. ಮೂಳೆ ತೆಗೆದು ಹಾಕು, ಮರೀಬೇಡ.

ನಿನ್ನೆ ನೀನು, "ಅಪ್ಪನೇ ಇಲ್ಲ, ಒಬ್ಳೇ ಹೋಗಿ ಯಾರಿಗಮ್ಮ ಈ ಸಿಂಗಾರ?" ಅಂದೆ. ನಾನು ನಕ್ಕೆ. ಆಮೇಲೆ ಬಚ್ಚಲ ಬಾಗಿಲು ಹಾಕ್ಕೊಂಡು ಕರ್ಲರ್‌ಗೆ ಕೂದಲು ಸುತ್ತಿ ನೋಡ್ಕೊಂಡೆ. ಮುಂದಿನ ಕೂದಲು ಚೆನ್ನಾಗೇ ಬಂತು. ಹಿಂದಕ್ಕೆ ಈ ಭುಜ ಏಳಲ್ಲ. ಭುಜದ ಆಪರೇಷನ್ ಆದಮೇಲೆ ಹಿಂದಿನ ಕೂದಲನ್ನೆಲ್ಲ ನಿಮ್ಮಪ್ಪನೇ ಸುತ್ತಿಕೊಡ್ತಿದ್ದ. "ಅಲ್ಲಾಡಬೇಡ ಲೊರೇನ್, ಕಿವಿ ಸುಟ್ಟೀತು" ಅಂತ ಗದರ್ತಿದ್ದ. ಎಷ್ಟೋ ಸಲ ಸುಟ್ಟೂ ಇದಾನೆ.

ಹಡಗಿನಲ್ಲಿ ಊಟಕ್ಕೆ ಇಬ್ಬರು ಕೂರೋ ಮೇಜು ಕೊಟ್ಟಿದ್ರು. ಫೋನ್ ಮಾಡಿ, ತುಂಬಾ ಜನ ಕೂರೋ ಮೇಜಿಗೆ ಹಾಕಿ ಅಂತ ಹೇಳಿದೀನಿ. ಹಡಗು ನೂಮಿಯಾ ಬಂದರು ಮುಟ್ಟೋದರೊಳಗೆ ಅಲ್ಲಿ ಯಾರಾದ್ರೂ ಒಳ್ಳೆ ಹೆಂಗಸು ಸಿಕ್ಕರೆ, ಹಿಂದಿನದಷ್ಟು ಸುತ್ತಿಕೊಡ್ತೀರಾ ಅಂತ ಕೇಳ್ತೀನಿ. ಕೇಳೋಕೆ ಬಾಯಿ ಬರದಿದ್ರೆ ಸ್ಕಾರ್ಫ್ ಕಟ್ಕೋತೀನಿ.

ಅಮ್ಮ